ಮಾಳಿಗೆ ತೊಳೆದ ಬೇಸಿಗೆ

ಚನ್ನರಾಯಪಟ್ಟಣ, ದೇವನಹಳ್ಳಿ ತಾಲ್ಲೂಕು
೨೯ ಮಾರ್ಚ್ ೧೯೭೧

ನನ್ನ ಪ್ರೀತಿಯ ಇವರಿಗೆ,

ನೋಡಿ, ಕನ್ನಡದಲ್ಲೇ ಬರೆಯುತ್ತಿದ್ದೇನೆ! ಮೊದಲು ಬರೆದ ಇಂಗ್ಲಿಷ್ ಪತ್ರಗಳಿಗೆ ನೀವು ಉತ್ತರವನ್ನೇ ಕೊಡಲಿಲ್ಲ. ನನ್ನ ಅಕ್ಷರ ತಿಳಿಯಲಿಲ್ಲವೇನೋ. ನಮ್ಮ ಕಾನ್ವೆಂಟಿನಲ್ಲಿ ಎಲ್ಲರಿಗೂ ಒಂದೇ ಥರದ ಓರೆ ಅಕ್ಷರ ಕಲಿಸಿಬಿಡುತ್ತಿದ್ದರು. ಅತ್ತೆ ಹೇಳಿದರು, "ನಮ್ ಮಾತಲ್ಲೇ ಬರಿಯಮ್ಮಿ, ದುಡಿದು ಸುಸ್ತಾಗಿ ಬಂದಿರ್ತಾನೆ, ಓದ್ಕೊಳ್ಳೋಕೆ ತ್ರಾಸ ಆಗ್ದಿರ್ಲಿ" ಅಂತ. ಸರಿ, ಕನ್ನಡ. ತಪ್ಪಿದ್ದರೆ ಕೆಂಪು ಇಂಕಿನಲ್ಲಿ ತಿದ್ದಿ ವಾಪಸ್ಸು ಕಳಿಸಿ. ಆ ನೆಪದಲ್ಲಾದರೂ ಒಂದು ಕಾಗದ ಬರುತ್ತದೆ.

ಯುಗಾದಿ ಮುಗಿಯಿತು. ನಾನು ತಟ್ಟಿದ ಒಬ್ಬಟ್ಟನ್ನು ಅತ್ತೆ ಎತ್ತಿ ಹಿಡಿದು, "ಇದೇನಮ್ಮಿ, ಎಮ್ಮೆ ಕಿವಿ ಇದ್ದಂಗೈತೆ" ಅಂದರು. ಮಾವ ಮಾತ್ರ ಅದನ್ನೇ ಕೇಳಿ ಹಾಕಿಸಿಕೊಂಡರು. ನೀವು ಹೇಳಿದಷ್ಟು ಹುಲಿಯಲ್ಲ ಅವರು. ಬೆಳಿಗ್ಗೆ ನನಗೆ ಮುದ್ದೆ ಇಳಿಯುವುದಿಲ್ಲವೆಂದು ಪಕ್ಕದ ವಿಜಯಪುರಕ್ಕೆ ಹೋದಾಗಲೆಲ್ಲ ಬನ್ನು ತರುತ್ತಾರೆ. ಕೈಗೆ ಕೊಡಲು ಸಂಕೋಚ. ಗೋಡೆಯ ಗೂಡಿನಲ್ಲಿಟ್ಟು, ಕೆಮ್ಮಿ, ಹೋಗಿಬಿಡುತ್ತಾರೆ.

ಅವರ ಹೊಸ ಮಿಷನ್ ಬಂದಿದೆ! ದ್ರಾಕ್ಷಿ ತೋಟಕ್ಕೆ ಮೈಲುತುತ್ತ ಹೊಡೆಯುವ ಇಂಜಿನ್ ಪಂಪು. ಬಂದ ದಿನವೇ ಅದಕ್ಕೆ ಕುಂಕುಮವಿಟ್ಟು ನಿಂಬೆಹಣ್ಣು ಕೊಯ್ದರು. ಉದ್ದದ ಪೈಪು, ತುದಿಗೊಂದು ಹಿತ್ತಾಳೆ ಗನ್ನು. ನೀರು ಎಷ್ಟು ರಭಸವಾಗಿ ಹೊರಡುತ್ತದೆಂದರೆ ಎಂಟಾಳಿನ ಕೆಲಸ ಒಬ್ಬನೇ ಮಾಡುತ್ತಾನೆ ಅನ್ನುತ್ತಾರೆ. ನನಗೆ ಅದನ್ನು ಒಂದು ಸಲ ಹಿಡಿದು ನೋಡುವ ಆಸೆ. ಯಾರನ್ನು ಕೇಳಲಿ?

ನಾನು ಒಂದು ಕಡೆ ಕೂರಲಾರೆ. ಕೂತರೆ ಎದ್ದೇಳಬೇಕು ಅನಿಸುತ್ತದೆ, ಎದ್ದರೆ ಎಲ್ಲಿಗೆ ಹೋಗಲಿ ಅನಿಸುತ್ತದೆ. ಏಣಿ ಹತ್ತಿ ಮಾಳಿಗೆಯ ಮೇಲೆ ಹೋಗುತ್ತೇನೆ. ಈ ಮನೆಯಲ್ಲಿ ಒಬ್ಬಳೇ ಇರಬಹುದಾದ ಜಾಗ ಅದೊಂದೇ. ಅಲ್ಲಿಂದ ಪೋಸ್ಟ್‌ಮ್ಯಾನ್ ನರಸಿಂಹಯ್ಯನವರ ಸೈಕಲ್ಲು ಕೆರೆ ಏರಿಯ ಮೇಲೆ ಬರುವಾಗಲೇ ಕಾಣುತ್ತದೆ. ಅಲ್ಲಿ ಕೂತು ನಿಮ್ಮ ಪೂನಾದ ಕ್ವಾರ್ಟರ್ಸನ್ನು ಕಣ್ಣ ಮುಂದೆ ತಂದುಕೊಳ್ಳುತ್ತೇನೆ. ನೀವು ಹೇಳಿದ ಆ ವರಾಂಡ, ಮುಂದಿನ ಕೈತೋಟ. ವರಾಂಡಕ್ಕೆ ಹಸಿರು ಕರ್ಟನ್ ಅಂತ ಆಗಲೇ ತೀರ್ಮಾನವಾಗಿದೆ.

ಮಾವನವರಿಗೆ ಬರೆದಿರಾ? ನೀವು ಹೊರಡುವ ಹಿಂದಿನ ದಿನ ಹೇಳಿದಿರಲ್ಲ, "ನಮ್ಮಲ್ಲಿ ಹೊಸ ಸೊಸೆ ಒಂದು ವರ್ಷದ ಹಬ್ಬಗಳನ್ನೆಲ್ಲ ಇದೇ ಮನೇಲಿ ಮಾಡ್ಬೇಕು, ಅಪ್ಪ ಅದರಲ್ಲಿ ಬಲು ಕಟ್ಟುನಿಟ್ಟು, ಕಾಗದದಲ್ಲಿ ನಿಧಾನವಾಗಿ ಕೇಳಿ ಒಪ್ಪಿಸ್ತೀನಿ" ಅಂತ. ನಿಧಾನ ಅಂದರೆ ಎಷ್ಟು ನಿಧಾನ? ಅವರು ಹೂಂ ಅಂದ ದಿನವೇ ನಾನು ಹೊರಡುತ್ತೇನೆ. ಟ್ರಂಕು ರೆಡಿ ಇದೆ. ಸುಳ್ಳಲ್ಲ, ನಿಜವಾಗಿಯೂ ರೆಡಿ ಇದೆ. ದಿನಾ ಅದರಿಂದಲೇ ಸೀರೆ ತೆಗೆದು ಉಡುತ್ತಿದ್ದೇನೆ.

ಸಾವಿರ ಸಲ ನಿಮ್ಮವಳಾದ,
ಅನು

•

ಪೂನಾ
೧೦ ಏಪ್ರಿಲ್ ೧೯೭೧

ಚಿ. ಸೌ. ಅನುಸೂಯಳಿಗೆ ಗೋಪಾಲಪ್ಪ ಮಾಡುವ ಆಶೀರ್ವಾದಗಳು.

ನಾನು ಕ್ಷೇಮ. ನಿನ್ನ ಕಾಗದ ತಲುಪಿತು. ತಪ್ಪು ಏನೂ ಇಲ್ಲ. ಇಲ್ಲಿ ಬಿಸಿಲು ಹೆಚ್ಚು. ಕಾರ್ಖಾನೆಯಲ್ಲಿ ಟ್ರೈನಿಂಗ್ ನಡೆಯುತ್ತಿದೆ. ಲೇತ್ ಮೇಲೆ ಹಾಕಿದ್ದಾರೆ.

ಅಪ್ಪನಿಗೆ ಬರೆಯಬೇಕು. ಸಮಯ ನೋಡಿ ಬರೆಯುತ್ತೇನೆ. ನೀನು ಅವರ ಹತ್ತಿರ ಈ ಮಾತು ಎತ್ತಬೇಡ, ನೊಂದುಕೊಳ್ಳುತ್ತಾರೆ.

ಕ್ವಾರ್ಟರ್ಸ್ ಚೆನ್ನಾಗಿದೆ. ಮೇ ಮೊದಲ ವಾರ ಎರಡು ದಿನ ರಜ ಸಿಕ್ಕರೂ ಸಿಗಬಹುದು. ಖಚಿತ ಇಲ್ಲ.

ಅಮ್ಮನಿಗೆ ಮಂಡಿಗೆ ಎಣ್ಣೆ ಹಚ್ಚಿಕೊಳ್ಳಲು ಹೇಳು.

ಇತಿ,
ಗೋಪಾಲಪ್ಪ

•

ಚನ್ನರಾಯಪಟ್ಟಣ
೨೫ ಏಪ್ರಿಲ್ ೧೯೭೧

ನನ್ನ ಪ್ರೀತಿಯ ಇವರಿಗೆ,

ಮೊದಲು ಒಂದು ಜಗಳ. ಆಶೀರ್ವಾದ ಯಾಕೆ ಮಾಡಿದಿರಿ? ನಾನೇನು ನಿಮ್ಮ ಮಗಳೇ? ಇನ್ನೊಂದು ಸಲ ಆಶೀರ್ವಾದ ಬಂದರೆ ನಾನು 'ತೀರ್ಥರೂಪು' ಅಂತ ಶುರು ಮಾಡುತ್ತೇನೆ, ನೋಡಿ.

ಈಗ ಕೂತುಕೊಂಡು ಓದಿ. ನೀವು ಬರುತ್ತೀರಿ ಅಂತ ನಾನು ಮಾಳಿಗೆ ತೊಳೆದೆ! ಪೂರ್ತಿ ಮಾಳಿಗೆ! ಮಿಷನ್ನಿನಲ್ಲಿ!

ನಡೆದದ್ದು ಹೀಗೆ. ಮನೆಯವರೆಲ್ಲ ಇಲ್ಲೇ ಹತ್ತಿರದ ಮಧುರೆಗೆ ಯಾರದೋ ನಿಶ್ಚಿತಾರ್ಥಕ್ಕೆ ಹೋದರು. ನಾನು ತಲೆನೋವೆಂದು ಉಳಿದೆ. ತಲೆನೋವೇನೂ ಇರಲಿಲ್ಲ, ಪೋಸ್ಟ್ ಬರುವ ದಿನವಾಗಿತ್ತು. ನನ್ನ ಕಾವಲಿಗೆ ಪಕ್ಕದ ಮನೆಯ ಅಮ್ಮಯಮ್ಮಜ್ಜಿ ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದರು. ಪೋಸ್ಟ್ ಬರಲಿಲ್ಲ. ಮಿಷನ್ ರಿಪೇರಿಯ ಆವಲಪ್ಪ ಬಂದ. ವಿಜಯಪುರದವನು, ಕಿವಿ ಮುಚ್ಚುವ ಕ್ರಾಪು, ಬೆಲ್‌ಬಾಟಂ. ಇಂಜಿನ್ ಬಿಚ್ಚಿ, ಊದಿ, ಮತ್ತೆ ಜೋಡಿಸಿ, "ಪ್ರೆಶರ್ ಸರಿಯಾಗಿ ಬರ್ತೈತಾ ಅಂತ ಎಲ್ಲಾದ್ರೂ ಒಂದ್ ಕಿತ ಹೊಡೆದು ನೋಡ್ಬೇಕಲ್ಲ ಮೇಡಂ. ತೋಟದ ತನಕ ತಳ್ಕೊಂಡ್ ಹೋಗ್ಲಾ?" ಅಂದ. ಮೇಡಂ! ಆ ಒಂದು ಮಾತಿಗೆ ನಾನು ಪೂನಾದ ವರಾಂಡದಲ್ಲೇ ನಿಂತ ಹಾಗಾಯಿತು.

"ತೋಟಕ್ಕೆ ಯಾಕೆ? ಮಾಳಿಗೆ ಮೇಲೆ ಹೊಡೆಯೋಣ" ಅಂದೆ.

ಅವನು ಮೇಲೆ ನೋಡಿದ. "ಏನೈತೆ ಮೇಲೆ?"

"ಕೊಳೆ" ಅಂದೆ.

ನಿಜವಲ್ಲವೇ? ಹುಟ್ಟಿದಾಗಿನಿಂದ ಆ ಮಾಳಿಗೆಯನ್ನು ನೋಡಿದ್ದೀರಿ, ನಿಮಗೆ ಕಾಣುವುದಿಲ್ಲ. ಕಪ್ಪಗೆ ಹೆಪ್ಪುಗಟ್ಟಿದ ಹೊಟ್ಟಿನಂಥದ್ದು, ಒಣಗಿದ ಪಾಚಿ, ಮೂಲೆಯಲ್ಲಿ ಹುಲ್ಲು, ಪಾರಿವಾಳಗಳ ಉಪಕಾರ ಬೇರೆ. ನೀವು ಬಂದರೆ ನಿಮ್ಮನ್ನು ಅಲ್ಲಿ ಹೇಗೆ ಕೂರಿಸುವುದು? ಕೆಳಗೆ ನಮಗೆ ಮಾತಾಡಲು ಜಾಗವೇ ಇಲ್ಲ, ಬಾಗಿಲು ಮುಚ್ಚಿದರೆ ಅತ್ತೆ ಕೆಮ್ಮುತ್ತಾರೆ. ಸ್ಕೂಲಿನಲ್ಲಿ ಒಂದು ಪುಸ್ತಕದಲ್ಲಿ ಹಡಗಿನ ಡೆಕ್ಕನ್ನು ನಾವಿಕರು ಬೆಳಿಗ್ಗೆ ಬೆಳಿಗ್ಗೆ ನೀರು ಹೊಡೆದು ತೊಳೆಯುವ ಚಿತ್ರವಿತ್ತು. ಬಿಳೀ ಹಲಗೆ, ಬಿಸಿಲು, ಅದರ ಮೇಲೆ ಎರಡು ಕುರ್ಚಿ. ಅದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು.

ಡ್ರಮ್ಮಿಗೆ ಬಾವಿ ನೀರು ತುಂಬಿದೆವು. ಆವಲಪ್ಪ ಹಗ್ಗ ಎಳೆದ. ಇಂಜಿನ್ ಊರಿಗೆಲ್ಲ ಕೇಳುವಂತೆ ಬೊಬ್ಬೆ ಹಾಕಿತು. ಮೊದಲು ಗನ್ನಿನಿಂದ ನೀಲಿ ನೀರು ಬಂತು, ಪೈಪಿನಲ್ಲಿ ಉಳಿದ ಮೈಲುತುತ್ತ, ಆಮೇಲೆ ಬೆಳ್ಳಗೆ. ಸ್ವಲ್ಪ ಹೊತ್ತು ಅವನು ಹೊಡೆದ, ಆಮೇಲೆ ನಾನು ಕಸಿದುಕೊಂಡೆ. ಅಬ್ಬ! ಕೈಯಲ್ಲಿ ಕರು ಹಿಡಿದ ಹಾಗೆ ಎಳೆಯುತ್ತದೆ. ಒಂದು ಸಲ ಗುರಿ ತಪ್ಪಿ ಕಾಲಿಗೆ ತಾಗಿತು, ಹೆಬ್ಬೆರಳಿನ ಕ್ಯೂಟೆಕ್ಸ್ ಹಾಗೇ ಹಾರಿಹೋಯಿತು. ಆದರೆ ಆ ಕಪ್ಪು ಹೊಟ್ಟು ಹೇಗೆ ಎದ್ದು ಬರುತ್ತಿತ್ತು ಗೊತ್ತೇ! ಹಾಲಿನ ಕೆನೆ ತೆಗೆದ ಹಾಗೆ. ಒಂದು ಗೀರು ಎಳೆದರೆ ಅಡಿಯಿಂದ ಕೆಂಪಗೆ, ಹೊಸದಾಗಿ, ಈಗ ಹುಟ್ಟಿದ ಹಾಗೆ ಹೊಳೆಯುವ ನೆಲ. ಗೀರಿನ ಪಕ್ಕ ಗೀರು, ಗೀರಿನ ಪಕ್ಕ ಗೀರು. ನನಗೆ ನಿಲ್ಲಿಸಲು ಆಗಲೇ ಇಲ್ಲ. ನೀವು ಹೋದಾಗಿನಿಂದ ಮೈಯಲ್ಲಿ ಹರಿದಾಡುತ್ತಿದ್ದ ಏನೋ ಒಂದು ಆ ಗನ್ನಿನ ತುದಿಯಿಂದ ಹೊರಗೆ ಹೋಗುತ್ತಿತ್ತು.

ಮಾಳಿಗೆಯಂಚಿನ ನೀರುದೋಣಿಯಿಂದ ಕೊಳೆ ನೀರು ಕುಂಕುಮ ಕದಡಿದ ಹಾಗೆ ಬೀದಿಗೆ ಧುಮುಕಿತು. ಕೆಳಗೆ ಅಮ್ಮಯಮ್ಮಜ್ಜಿ ಎರಡೂ ಕೈ ಮೇಲೆತ್ತಿ ಏನೋ ಕೂಗಿದರು. ಇಂಜಿನ್ ಸದ್ದಿನಲ್ಲಿ ಕೇಳಿಸಲಿಲ್ಲ. ನಾನೂ ಕೈ ಬೀಸಿದೆ. ಮಿಷನ್ ನಿಲ್ಲಿಸುವಷ್ಟರಲ್ಲಿ ಗೊಣಗುತ್ತ ಮನೆಗೆ ಹೋಗಿದ್ದರು. ಹುಣಸೆಹಣ್ಣು ನೆನೆಯಿತೋ ಏನೋ ಪಾಪ.

ಈಗ ನಾನು ಅದರ ಮೇಲೇ ಕೂತು ಬರೆಯುತ್ತಿದ್ದೇನೆ. ಒಣಗಿ ಎಷ್ಟು ಚೆಂದವಾಗಿದೆ, ಸಣ್ಣ ಸಣ್ಣ ಬಿರುಕು ಬಿಟ್ಟಿದೆ ಅಷ್ಟೇ, ಅದೂ ಒಂದು ಡಿಸೈನಿನ ಹಾಗೆ. ನೀವು ಬನ್ನಿ. ಚಾಪೆ ಹಾಸುತ್ತೇನೆ. ಬಂದಾಗ ಮಾವನವರನ್ನು ಎದುರಿಗೇ ಕೇಳಿಬಿಡಿ, ನಾನು ಪಕ್ಕದಲ್ಲೇ ನಿಲ್ಲುತ್ತೇನೆ.

ದಿನ ಎಣಿಸುತ್ತಿರುವ,
ನಿಮ್ಮ ಅನು

•

ಪೂನಾ
೪ ಮೇ ೧೯೭೧

ಅನುಸೂಯಳಿಗೆ,

ಆಶೀರ್ವಾದ ಬೇಡ ಎಂದು ಬರೆದಿದ್ದೀಯ. ಬೇರೆ ಏನು ಬರೆಯಬೇಕೋ ತಿಳಿಯಲಿಲ್ಲ.

ಮಾಳಿಗೆಗೆ ಎಷ್ಟು ಹೊತ್ತು ನೀರು ಹೊಡೆದಿರಿ? ಅದು ಕೊಳೆ ಅಲ್ಲ. ನಮ್ಮದು ಮಣ್ಣಿನ ಮಾಳಿಗೆ. ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಮಣ್ಣು, ಎಲ್ಲಕ್ಕೂ ಮೇಲೆ ಚೌಳು ಮಣ್ಣಿನ ಒಂದು ಪದರ. ಅದು ಕಪ್ಪಗೆ ಗಟ್ಟಿಯಾಗಿ ಕೂತರೇ ನೀರು ಒಳಗೆ ಇಳಿಯುವುದಿಲ್ಲ. ಅದನ್ನು ಯಾರೂ ತೊಳೆಯುವುದಿಲ್ಲ, ಕಡ್ಡಿ ಪೊರಕೆಯಲ್ಲೂ ಗುಡಿಸುವುದಿಲ್ಲ. ನಿನಗೆ ಹೇಳಬೇಕಾಗಿತ್ತು. ಹೇಳಬೇಕಾದೀತು ಎಂದು ಹೊಳೆಯಲಿಲ್ಲ.

ಅಪ್ಪನಿಗೆ ತಕ್ಷಣ ಹೇಳು. ಮಳೆ ಬರುವುದರೊಳಗೆ.

ರಜ ಸಿಗಲಿಲ್ಲ.

ಗೋಪಾಲಪ್ಪ

•

ಚನ್ನರಾಯಪಟ್ಟಣ
೯ ಮೇ ೧೯೭೧

ನನ್ನ ಇವರಿಗೆ,

ನಿಮ್ಮ ಕಾಗದಕ್ಕಿಂತ ಮೊದಲೇ ಮಳೆ ಬಂತು.

ಗುರುವಾರ ಸಂಜೆ. ಮಾವ ನಡುಮನೆಯಲ್ಲಿ ಊಟಕ್ಕೆ ಕೂತಿದ್ದರು, ನಾನು ಬಡಿಸುತ್ತಿದ್ದೆ. ಗುಡುಗು ಕೇಳಿ ನನಗೆ ಖುಷಿಯಾಗಿ, "ಮಾವ, ಸೆಕೆ ಹೋಯ್ತು" ಅಂದೆ. ಅವರ ಮುದ್ದೆಯ ಮೇಲೆ ಒಂದು ಕೆಂಪು ಹನಿ ಬಿತ್ತು. ಅವರು ತಟ್ಟೆ ಸರಿಸಿದರು. ಅಲ್ಲೂ ಬಿತ್ತು. ಮತ್ತೆ ಸರಿಸಿದರು. ಹಾಗೆ ಸರಿಸುತ್ತ ಸರಿಸುತ್ತ ಗೋಡೆಯ ಹತ್ತಿರ ಹೋದ ಮೇಲೆ ತಲೆಯೆತ್ತಿ ನೋಡಿದರು. ಜಂತೆಯ ಸಂದಿಯಿಂದ ನೀರು ನೂಲಿನ ಹಾಗೆ ಇಳಿಯುತ್ತಿತ್ತು. ಅತ್ತೆ ಅಡುಗೆಮನೆಯಿಂದ ಇದ್ದಬದ್ದ ಪಾತ್ರೆಯೆಲ್ಲ ತಂದಿಟ್ಟರು. ನಮ್ಮ ಕೋಣೆಯ ಹಾಸಿಗೆ ರೊಚ್ಚೆಯಾಯಿತು. ಟ್ರಂಕಿನೊಳಗೂ ನೀರು ಹೋಗಿದೆ. ನನ್ನ ಬಿಳೀ ಸೀರೆಗೆ ಮಾಳಿಗೆಯ ಬಣ್ಣ ಬಂದಿದೆ.

"ಮೇಲೆ ಯಾರ್ ಹೋಗಿದ್ದೋರು?" ಅಂದರು ಮಾವ.

"ನಾನು ಮಾವ. ತೊಳೆದೆ" ಅಂದೆ.

"ತೊಳೆದೆ?"

"ಮಿಷನ್ನಿನಲ್ಲಿ."

ಅವರು ನನ್ನನ್ನೇ ನೋಡಿದರು. ಆಮೇಲೆ "ಹೂಂ" ಅಂದು ಎದ್ದು ಕೈ ತೊಳೆದುಕೊಂಡರು. ಅಷ್ಟೇ. ಬೈದಿದ್ದರೆ ಅತ್ತು ಹಗುರವಾಗುತ್ತಿದ್ದೆ. ಅವತ್ತಿನಿಂದ ಒಂದು ಮಾತೂ ಇಲ್ಲ. ಗೂಡಿನಲ್ಲಿ ಬನ್ನೂ ಇಲ್ಲ.

ಅಮ್ಮಯಮ್ಮಜ್ಜಿ ಅವತ್ತೇ ಅತ್ತೆಗೆ ಹೇಳಿದ್ದರಂತೆ. ನನಗೆ ಬೈಗುಳ ಬೀಳಬಾರದೆಂದು ಅತ್ತೆ ಬಾಯಿ ಮುಚ್ಚಿಕೊಂಡು, ಮಳೆಗೆ ಮುಂಚೆ ಏನಾದರೂ ನೆಪ ಹೇಳಿ ಮಣ್ಣು ಹಾಕಿಸೋಣವೆಂದು ಕಾದಿದ್ದರಂತೆ. ಈಗ ಅವರಿಗೂ ನನಗೂ ಒಟ್ಟಿಗೆ ಮೌನದ ಶಿಕ್ಷೆ.

ಅಜ್ಜಿ ಬಾವಿಕಟ್ಟೆಯಲ್ಲಿ ಎಲ್ಲರ ಮುಂದೆ, "ಬೆಂಗ್ಳೂರು ಸೊಸೆ ಮನೆಗೇ ತಲೆ ಮೇಲೆ ನೀರುಯ್ದವ್ಳೆ, ಸೀಗೆಪುಡಿ ಒಂದು ಹಾಕಿಲ್ಲ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಬಿಂದಿಗೆ ಹೊತ್ತು ಮನೆಗೆ ಬರುವಷ್ಟರಲ್ಲಿ ಅಳು ಬಂದಿತ್ತು.

ಈಗ ಅವರು ನನ್ನನ್ನು ಪೂನಾಕ್ಕೆ ಕಳಿಸುತ್ತಾರೆಯೇ? ಅದೊಂದೇ ನನ್ನ ಚಿಂತೆ. ಸೂರು ಸೋರಿದ್ದಕ್ಕಿಂತ ಅದೇ ಹೆಚ್ಚು ಚಿಂತೆಯಾದದ್ದಕ್ಕೆ ನಾಚಿಕೆಯೂ ಆಗುತ್ತಿದೆ. ಆಷಾಢಕ್ಕೆ ಅಮ್ಮ ನನ್ನನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಲು ಬರುತ್ತಾಳೆ. ಅಷ್ಟರೊಳಗೆ ನಿಮ್ಮ ಕಡೆಯಿಂದ ಏನಾದರೂ ಆಗಲಿ. ದಯವಿಟ್ಟು.

ಅನು

•

ಪೂನಾ
೧೭ ಮೇ ೧೯೭೧

ಅನುಸೂಯಳಿಗೆ,

ಕಾಗದ ಬಂತು. ಅಪ್ಪ ಸಿಟ್ಟಾಗಿದ್ದರೆ ಮಾತಾಡುವುದಿಲ್ಲ. ನನಗೂ ಚಿಕ್ಕಂದಿನಲ್ಲಿ ಹಾಗೇ ಮಾಡುತ್ತಿದ್ದರು.

ಇಂಥ ಹೊತ್ತಿನಲ್ಲಿ ನಾನು ಪೂನಾದ ಮಾತು ಎತ್ತಿದರೆ ಚೆನ್ನಾಗಿರುವುದಿಲ್ಲ. ನೀನೇ ಯೋಚಿಸಿ ನೋಡು. ಆಷಾಢಕ್ಕೆ ತವರಿಗೆ ಹೋಗಿ ಬಾ. ದಸರಾ ಕಳೆಯಲಿ. ಆಮೇಲೆ ಕೇಳಿದರೆ ಒಪ್ಪಬಹುದು.

ಹಾಸಿಗೆಯನ್ನು ಬಿಸಿಲಿಗೆ ಹಾಕು.

ಗೋಪಾಲಪ್ಪ

•

ಚನ್ನರಾಯಪಟ್ಟಣ
೩೦ ಮೇ ೧೯೭೧

ಇವರಿಗೆ,

ಕೈಯೆಲ್ಲ ಬೊಬ್ಬೆ ಬಂದಿದೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಿ. ಮಾಳಿಗೆಗೆ ಮಣ್ಣು ಹಾಕುವ ಕೆಲಸ ಇವತ್ತು ಮುಗಿಯಿತು.

ಮಾವ ಗಾಡಿ ಕಟ್ಟಿಸಿ ಕೆರೆಯಾಚೆಯಿಂದ ಚೌಳು ಮಣ್ಣು ತರಿಸಿದರು. ಅಂಗಳದಲ್ಲಿ ಸುರಿದು, ನೀರು ಕಟ್ಟಿ, ಹೊಟ್ಟು ಬೆರೆಸಿ, ತುಳಿದು ಹದ ಮಾಡಿದರು. ನಾನು ಸೀರೆ ಎತ್ತಿ ಕಟ್ಟಿ ಇಳಿದೇಬಿಟ್ಟೆ. "ನೀನ್ಯಾಕಮ್ಮಿ, ಕಾಲು ಒಡೀತವೆ" ಅಂದರು ಅತ್ತೆ. "ಒಡೀಲಿ ಅತ್ತೆ" ಅಂದೆ. ಆಮೇಲೆ ಮಂಕರಿಯಲ್ಲಿ ಮೇಲಕ್ಕೆ ಸಾಗಿಸಿ, ಹರಡಿ, ಹೆಂಗಸರೆಲ್ಲ ಸಾಲಾಗಿ ಕೂತು ಮರದ ಚಪ್ಪಟೆ ಬಡಿಗೆಯಿಂದ ಬಡಿಯುವುದು. ಒಬ್ಬರ ಪೆಟ್ಟಿನ ಪಕ್ಕ ಒಬ್ಬರ ಪೆಟ್ಟು, ಸಂದು ಬಿಡಬಾರದು. ಮೊದಮೊದಲು ನನ್ನ ಪೆಟ್ಟು ಒಂದು ಅಲ್ಲಿ ಒಂದು ಇಲ್ಲಿ. ಮಧ್ಯಾಹ್ನದ ಹೊತ್ತಿಗೆ ಸಾಲಿಗೆ ಸೇರಿಕೊಂಡಿತು.

ಅಮ್ಮಯಮ್ಮಜ್ಜಿ ಏಣಿ ಹತ್ತಿ ಬಂದು, "ಏನ್ ಅಪ್ಪಯ್ಯಣ್ಣ, ಸೊಸೆ ಒಳ್ಳೇ ಕೆಲಸ ಹಚ್ಚವ್ಳೆ ನಿನಗೆ!" ಅಂದರು.

ಮಾವ ತಿರುಗಿಯೂ ನೋಡದೆ, "ಹಳೇ ಮಣ್ಣು ಸತ್ತೋಗಿತ್ತು ಕಣಕ್ಕಾ. ಈ ವರ್ಷ ಕಿತ್ತಾಕ್ಬೇಕು ಅಂತಾನೇ ಇದ್ದೆ. ಕೀಳೋ ಕೂಲಿ ನಮ್ ಸೊಸೆ ಉಳಿಸಿದ್ಲು" ಅಂದರು.

ನಾನು ಬಡಿಗೆ ಹಿಡಿದು ಹಾಗೇ ಕೂತೆ. ಇಷ್ಟು ದಿನ ಮಾತಾಡದಿದ್ದವರು! ಇವರ ಬಗ್ಗೆಯೇ ನೀವು "ನೊಂದುಕೊಳ್ಳುತ್ತಾರೆ, ಕೇಳಬೇಡ" ಅಂದದ್ದು? ನನಗೆ ಅದೇನು ಬಂತೋ, ನಿಮ್ಮ ಮಾತನ್ನು ಮೀರಿ ಕೇಳಿಯೇಬಿಟ್ಟೆ.

"ಮಾವ, ನಾನು ಪೂನಾಕ್ಕೆ ಹೋಗ್ಲಾ?"

ಬಡಿಯುವ ಸದ್ದೆಲ್ಲ ನಿಂತಿತು.

"ಯಾಕಮ್ಮಾ? ಇಲ್ಲೇನು ಕಮ್ಮಿ ಆಗೈತೆ?"

"ಏನೂ ಕಮ್ಮಿ ಇಲ್ಲ ಮಾವ. ಅವರಿಲ್ಲ."

ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಅಜ್ಜಿಯಂತೂ ಬಡಿಗೆ ಕೆಳಗಿಟ್ಟು ನಕ್ಕರು. ಮಾವನಿಗೂ ನಗು ಬಂದದ್ದು ನನಗೆ ಕಾಣಿಸಿತು. "ಹೋಗು. ನಾನ್ ಬ್ಯಾಡ ಅಂದಿದ್ನಾ?" ಅಂದರು.

"ಹೊಸ ಸೊಸೆ ಒಂದು ವರ್ಷ ಹಬ್ಬಗಳನ್ನೆಲ್ಲ ಇಲ್ಲೇ..." ಅಂದೆ.

"ಯಾವೂರ ಪದ್ಧತಿ ಅದು?" ಅಂದರು ಅತ್ತೆ. "ನನ್ನ ಮದ್ವೆಯಾದ ತಿಂಗ್ಳಿಗೇ ನಿಮ್ಮಾವ ಹೊಸಕೋಟೆಗೆ ಕರ್ಕೊಂಡ್ ಹೋಗಿ ಮನೆ ಮಾಡಿದ್ದ, ಅಲ್ಲಿ ಮಂಡೀಲಿ ಕೆಲಸಕ್ಕಿದ್ದಾಗ. ಯಾರಮ್ಮಿ ನಿಂಗೆ ಇದು ಹೇಳಿದ್ದು?"

ಮಾವ ಎದ್ದು ನಿಂತರು. ಕೈಯ ಮಣ್ಣು ಉಜ್ಜಿಕೊಳ್ಳುತ್ತ ಹೇಳಿದರು: "ಅವನು ಹೊರಡೋ ದಿನಾನೇ ಅಂದೆ ನಾನು. ಕರ್ಕೊಂಡ್ ಹೋಗೋ, ಎಳೇ ಹುಡುಗಿ, ಇಲ್ಲಿ ಬ್ಯಾಸರ ಮಾಡ್ಕೊಂತಾಳೆ ಅಂದೆ. ಈಗ್ಲೇ ಬ್ಯಾಡ, ಆಮೇಲೆ ನೋಡಾಣ ಅಂದ. ನೀನೇ ಇಲ್ಲಿರ್ತೀನಿ ಅಂದ್ಯೇನೋ ಅಂದ್ಕೊಂಡೆ."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಏನು ಹೇಳಬೇಕಿತ್ತು?

"ನಾನೇ ತಪ್ಪು ತಿಳ್ಕೊಂಡಿದ್ದೆ ಮಾವ" ಅಂದೆ.

ಅವರು ಬಗ್ಗಿ ಮಣ್ಣು ಮುಟ್ಟಿ ನೋಡಿ, "ಬಡೀರಮ್ಮ, ಒಣಗ್ತೈತೆ" ಅಂದರು. ಎಲ್ಲರೂ ಬಡಿದೆವು.

ಸಂಜೆ ಗೂಡಿನಲ್ಲಿ ಬನ್ನಿತ್ತು. ನನಗೆ ತಿನ್ನಲಾಗಲಿಲ್ಲ.

ನಿಮ್ಮ ಹೆಸರು ಇಲ್ಲಿ ಕೆಟ್ಟಿಲ್ಲ. ಅಷ್ಟು ತಿಳಿಸಲು ಬರೆದೆ.

ಅನುಸೂಯ

•

ಚನ್ನರಾಯಪಟ್ಟಣ
೯ ಜೂನ್ ೧೯೭೧

ಇವರಿಗೆ,

ಇವತ್ತೂ ಪೋಸ್ಟ್‌ಮ್ಯಾನ್ ನರಸಿಂಹಯ್ಯನವರು ಸೈಕಲ್ಲಿನಿಂದ ಇಳಿಯದೆ ಕೈಯಾಡಿಸಿ ಹೋದರು.

ಈ ದಿನಗಳಲ್ಲಿ ನನಗೆ ಹೊಳೆಯದ ಕಾರಣವಿಲ್ಲ. ಪೂನಾದಲ್ಲಿ ಬೇರೆ ಯಾರಾದರೂ ಇದ್ದಾರೆ ಅಂದುಕೊಂಡೆ. ನಿಮಗೆ ಕಾಯಿಲೆ ಅಂದುಕೊಂಡೆ. ನಾನು ಬಹಳ ಮಾತಾಡುತ್ತೇನೆ, ಬಹಳ ನಗುತ್ತೇನೆ, ಅದು ನಿಮಗೆ ಹಿಡಿಸಲಿಲ್ಲ ಅಂದುಕೊಂಡೆ. ಒಂದೊಂದು ಹೊತ್ತಿಗೆ ಒಂದೊಂದು ನಿಜ ಅನಿಸುತ್ತದೆ. ಹಸುವಿಗೆ ನೀರಿಡಲು ಹೋಗಿ ಬಕೆಟ್ಟನ್ನು ದಾರಿಯಲ್ಲೇ ಬಿಟ್ಟು ಬರುತ್ತೇನೆ. ಅತ್ತೆ ಏನೂ ಕೇಳುವುದಿಲ್ಲ, ತಲೆಗೆ ಎಣ್ಣೆ ಹಚ್ಚುತ್ತಾರೆ.

ಆಷಾಢಕ್ಕೆ ಎರಡು ವಾರವಿದೆ. ಅಮ್ಮ ಬರುತ್ತಾಳೆ. ನೀವು ಬರೆಯದಿದ್ದರೆ ಅವಳ ಜೊತೆ ಹೋಗುತ್ತೇನೆ. ಹೋದರೆ ಆಷಾಢ ಮುಗಿದ ಮೇಲೆ ಬರುವುದಿಲ್ಲ. ಇದನ್ನು ಹೆದರಿಸಲು ಬರೆಯುತ್ತಿಲ್ಲ. ನನಗೇ ಹೆದರಿಕೆಯಾಗುತ್ತಿದೆ.

ನಾನು ಬರುವುದು ನಿಮಗೆ ಬೇಕೋ ಬೇಡವೋ, ಒಂದು ಸಾಲು ಸಾಕು. ಅದರಲ್ಲಿ ಮಾವನವರ ಹೆಸರು ಇರಬಾರದು.

ಅನುಸೂಯ

•

ಪೂನಾ
೧೪ ಜೂನ್ ೧೯೭೧

ಅನುಸೂಯ,

ನಿನ್ನ ಮೊದಲನೆಯ ಕಾಗದ ಬಂದ ದಿನದಿಂದ ಉತ್ತರ ಬರೆದು ಬರೆದು ಹರಿದಿದ್ದೇನೆ. ಇದನ್ನು ಹರಿಯುವ ಮೊದಲು ಅಂಚೆ ಡಬ್ಬಿಗೆ ಹಾಕುತ್ತೇನೆ.

ಇಲ್ಲಿ ಕ್ವಾರ್ಟರ್ಸ್ ಇಲ್ಲ. ವರಾಂಡ, ಕೈತೋಟ ಇರುವುದು ಸಾಹೇಬರ ಸಾಲಿನಲ್ಲಿ. ದಿನವೂ ಅದರ ಮುಂದೆಯೇ ಕೆಲಸಕ್ಕೆ ನಡೆದು ಹೋಗುತ್ತೇನೆ. ಅದನ್ನೇ ನಿನಗೆ ಹೇಳಿದೆ. ನನ್ನದು ಒಂದು ಸಾಲುಮನೆಯ ಒಂದು ಕೋಣೆ. ತಗಡಿನ ಸೂರು. ಮೂರು ಜನ ಇದ್ದೆವು. ನಲ್ಲಿ ಹೊರಗೆ, ಇಡೀ ಸಾಲಿಗೆ ಒಂದೇ. ಕಕ್ಕಸಿಗೆ ಬೆಳಿಗ್ಗೆ ಸರದಿ ನಿಲ್ಲಬೇಕು. ಅಕ್ಕಪಕ್ಕದ ಹೆಂಗಸರು ಮರಾಠಿ ಮಾತಾಡುತ್ತಾರೆ, ನಲ್ಲಿಯ ಹತ್ತಿರ ಜಗಳ ಆಡುತ್ತಾರೆ, ಕೆಟ್ಟವರಲ್ಲ.

ನೀನು ನೋಡಿ ನಗುತ್ತೀಯ ಎಂದು ಹೆದರಲಿಲ್ಲ. ನಗದೆ ಸುಮ್ಮನಾಗುತ್ತೀಯ ಎಂದು ಹೆದರಿದೆ. ಈಗ ನಿನ್ನ ಕಾಗದಗಳು ಸುಮ್ಮನಾಗಿವೆ. ಅದಕ್ಕಿಂತ ಹೆಚ್ಚಿನ ಹೆದರಿಕೆ ಏನೂ ಇರಲಾರದು.

ಬೇಕು.

ಉಳಿದ ಇಬ್ಬರನ್ನು ಬೇರೆ ಕೋಣೆ ನೋಡಿಕೊಳ್ಳಲು ಕೇಳಿದ್ದೇನೆ. ಒಬ್ಬ ಒಪ್ಪಿದ, ಒಬ್ಬ ಮಾತು ಬಿಟ್ಟಿದ್ದಾನೆ, ಆದರೂ ಭಾನುವಾರ ಹೋಗುತ್ತಾನೆ. ಅಪ್ಪನಿಗೂ ಇವತ್ತೇ ಬೇರೆ ಕಾಗದ ಹಾಕಿದ್ದೇನೆ. ಪದ್ಧತಿ ಎಂದು ಹೇಳಿದ್ದು ನಾನೇ, ಅವಳು ತಪ್ಪು ತಿಳಿದುಕೊಂಡದ್ದಲ್ಲ ಎಂದು ಬರೆದಿದ್ದೇನೆ.

ಹೊರಡುವುದಾದರೆ ಹೀಗೆ ಮಾಡು. ದೊಡ್ಡ ಟ್ರಂಕು ಬೇಡ, ಇಡಲು ಜಾಗವಿಲ್ಲ. ಸ್ಟವ್ ಇದೆ, ಪಾತ್ರೆ ಎರಡಿವೆ. ಅಮ್ಮ ರಾಗಿ ಹಿಟ್ಟು ಕೊಟ್ಟರೆ ತಾ, ಇಲ್ಲಿ ಸಿಗುವುದಿಲ್ಲ. ಅಪ್ಪ ಬೆಂಗಳೂರಿಗೆ ಬಂದು ಹೆಂಗಸರ ಡಬ್ಬಿಯಲ್ಲಿ ಕೂರಿಸಲಿ. ಮೀರಜಿನಲ್ಲಿ ಗಾಡಿ ಬದಲಿಸಬೇಕು. ಯಾವ ದಿನ ಎಂದು ತಂತಿ ಕೊಡು.

ಪೂನಾದಲ್ಲಿ ಕಾಯುವುದೆಂದು ಹರಿದುಹಾಕಿದ ಕಾಗದದಲ್ಲಿ ಬರೆದಿದ್ದೆ. ಅಲ್ಲಿಯವರೆಗೆ ನಿಂತಿರಲು ನನ್ನಿಂದ ಆಗುವುದಿಲ್ಲ. ಮೀರಜಿಗೇ ಬಂದಿರುತ್ತೇನೆ. ಗಾಡಿ ನಿಂತ ಕೂಡಲೇ ಇಳಿಯಬೇಡ, ಜನ ನುಗ್ಗುತ್ತಾರೆ. ಕಿಟಕಿಯಲ್ಲಿ ಇರು. ನಾನೇ ಹುಡುಕಿಕೊಂಡು ಬರುತ್ತೇನೆ.

ಗೋಪಾಲಪ್ಪ